ಗೂಟದಕ್ಕ

ನಮ್ಮೂರಿನಲ್ಲಿ ಬೇಸಿಗೆ ರಜೆ ಶುರುವಾಯಿತೆಂದರೆ ಅಂಗಡಿಗಳಲ್ಲಿ ಮೊದಲು ಖಾಲಿಯಾಗುವುದು ಹಗ್ಗ. ಐಸ್‌ಕ್ಯಾಂಡಿ ಆಮೇಲೆ. ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ, ಸೂರ್ಯ ನೆತ್ತಿಗೆ ಬಂದ ಹೊತ್ತಿನಿಂದ ನೆರಳು ಉದ್ದಕ್ಕೆ ಮಲಗುವವರೆಗೆ, ಇಲ್ಲಿ ಉಸಿರಿರುವುದೆಲ್ಲ ಹಗುರಾಗಿ ಮೇಲೇಳುತ್ತದೆ. ಕೋಳಿಗಳ ಮೇಲೆ ಮಂಕರಿ ಕವುಚಿ ಇಟ್ಟಿಗೆ ಹೇರುತ್ತಾರೆ. ಕರುಗಳನ್ನು ಗಿಡ್ಡ ಹಗ್ಗದಲ್ಲಿ ಕಟ್ಟುತ್ತಾರೆ. ತೊಟ್ಟಿಲ ಕೂಸಿಗೆ ಅಡ್ಡಲಾಗಿ ಹಳೇ ಸೀರೆ ಬಿಗಿಯುತ್ತಾರೆ. ದೊಡ್ಡವರು ಸೊಂಟಕ್ಕೆ ಕಲ್ಲು ಕಟ್ಟಿಕೊಂಡು ತಮ್ಮ ಪಾಡಿಗೆ ತಾವು ಬ್ಯಾಂಕಿಗೆ, ಗಿರಣಿಗೆ, ಸೊಸೈಟಿಗೆ ಹೋಗಿಬರುತ್ತಾರೆ. ಮೊದಲ ಮಳೆ ಬಿದ್ದ ದಿನ ಕಲ್ಲು ಬಿಚ್ಚಿ, ತೊಳೆದು, ಅಟ್ಟಕ್ಕೆ ಹಾಕುತ್ತಾರೆ. ಇಷ್ಟೇ. ನಾನು ಎಂ.ಎಸ್ಸಿ. ಮಾಡಿದ್ದು ಭೌತಶಾಸ್ತ್ರದಲ್ಲಿ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲು ಹೋಗಲಿಲ್ಲ.

ಹೆಂಗಸರ ಕಲ್ಲಿಗೆ ಒಂದು ಕ್ರಮವಿದೆ. ಧಾರೆಯಾದ ಮೇಲೆ ಅತ್ತೆಯಾದವಳು ಸೊಸೆಯ ಸೊಂಟಕ್ಕೆ ಕಲ್ಲು ಕಟ್ಟುತ್ತಾಳೆ. ಗಂಡ ತೀರಿಕೊಂಡರೆ, ಕರ್ಮಾಂತರದ ದಿನ ಆ ಕಲ್ಲನ್ನು ಬಿಚ್ಚಿ ಕೆರೆಗೆ ಎಸೆಯುತ್ತಾರೆ. ‘ಗಂಡ ಹೋದವಳನ್ನು ಗಾಳಿಯೂ ಎತ್ತದು’ ಎಂದು ಇಲ್ಲಿಯ ಗಾದೆ. ಇನ್ನು ಅವಳಿಗೆ ಕಲ್ಲೇಕೆ? ನಮ್ಮವರು ಹೋದದ್ದು ಮಳೆಗಾಲದಲ್ಲಿ, ಕಾಮಾಲೆಯಾಗಿ. ಬೆನ್ನ ಮೇಲೆ ಕೆಂಪು ಗೆರೆಯಿದ್ದ ನನ್ನ ಕಲ್ಲನ್ನು ಅತ್ತೆ ಬಿಚ್ಚಿದರು. ಕೆರೆ ತುಂಬಿತ್ತು. ಕಲ್ಲು ಬಿದ್ದ ಸದ್ದು ಕೇಳಿಸಿತು, ಮನೆಗೆ ಬಂದೆವು.

ಬೇಸಿಗೆ ಬಂತು. ನಾನು ಏಳಲಿಲ್ಲ. ನಟ್ಟ ನಡು ಮಧ್ಯಾಹ್ನ ಬರಿಯ ಸೊಂಟದಲ್ಲಿ ಅಂಗಳ ದಾಟುತ್ತಿದ್ದೆ, ಸಂಡಿಗೆ ಹರವುತ್ತಿದ್ದೆ, ಕಾಲು ನೆಲಕ್ಕೆ ಅಂಟಿದಂತೆ ಇರುತ್ತಿತ್ತು. ಊರಿನವರಿಗೆ ಸಮಾಧಾನವಾಯಿತು. “ಸಿದ್ದಮ್ಮನ ಸೊಸೆ ಸಿದ್ದಮ್ಮನ ಥರಾನೇ” ಎಂದರು. ಸಿದ್ದಮ್ಮ ಎಂದರೆ ನಮ್ಮತ್ತೆ. ನಮ್ಮವರು ಇನ್ನೂ ಅಂಬೆಗಾಲಿಡುತ್ತಿದ್ದಾಗ ಮಾವ ಹೋದರಂತೆ. ಅಂದಿನಿಂದ ಒಂದು ಬೇಸಿಗೆಯಲ್ಲೂ ಅತ್ತೆಯ ಹಿಮ್ಮಡಿ ನೆಲ ಬಿಟ್ಟು ಎದ್ದದ್ದನ್ನು ಯಾರೂ ಕಂಡಿಲ್ಲ. ಒಂದು ಪಕ್ಕಕ್ಕೆ ವಾಲಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿದ್ದರು. ಹಳೇ ಸೊಂಟನೋವು ಎನ್ನುತ್ತಿದ್ದರು. “ಎಣ್ಣೆ ತಿಕ್ಕಲೇ ಅತ್ತೆ?” ಎಂದರೆ, “ಬೇಡಮ್ಮ, ನಿನ್ನ ಕೈ ಉರಿ” ಎನ್ನುತ್ತಿದ್ದರು. ಮನೆಯಲ್ಲಿ ಎಲ್ಲವೂ ಇತ್ತು, ಅಡುಗೆಮನೆಯ ಪುಟ್ಟ ಒರಳಿಗೆ ಮಾತ್ರ ಗುಂಡುಕಲ್ಲು ಇರಲಿಲ್ಲ. ಕರೆಂಟು ಹೋದ ದಿನ ಚಟ್ನಿಗೆ ಪಕ್ಕದ ಮನೆಗೆ ಓಡಬೇಕು. ಬಂದ ಹೊಸದರಲ್ಲಿ ಕೇಳಿದ್ದೆ. “ಎಂದೋ ಹೋಯ್ತು ಬಿಡು” ಎಂದಿದ್ದರು.

ಎದ್ದವಳೂ ಒಬ್ಬಳಿದ್ದಳು. ಹಿಂದಿನ ಬೀದಿಯ ಗಂಗಾಂಬಿಕೆ, ಗಂಡ ಹೋದ ಎರಡನೆಯ ಬೇಸಿಗೆಯಲ್ಲಿ ಬಟ್ಟೆ ಒಣಗಿಹಾಕುತ್ತ ಸೂರಿನವರೆಗೆ ಎದ್ದಳಂತೆ. ಕೆಳಗಿಳಿಸುವ ಹೊತ್ತಿಗೆ ಬೀದಿ ತುಂಬ ಜನ. ಏನೇನು ಅನ್ನಬೇಕೋ ಅಷ್ಟೂ ಅಂದರು. ಅಣ್ಣಂದಿರು ಬಂದು ಕರೆದುಕೊಂಡು ಹೋದರು. ಆ ಮನೆಯ ಬೀಗ ಇನ್ನೂ ಹಾಗೇ ಇದೆ. ನನಗೆ ಅಣ್ಣಂದಿರಿಲ್ಲ.

ಹುಡುಗರು ನಮ್ಮ ಹಿತ್ತಿಲಿಗೆ ಬಂದದ್ದು ಎರಡನೆಯ ಬೇಸಿಗೆಯಲ್ಲಿ, ಚೆಂಡು ಹುಡುಕಿಕೊಂಡು. ಮೂವರು. ಒಂಬತ್ತನೇ ಕ್ಲಾಸಿನ ತಿಪ್ಪೇಶಿ, ಬಾಯಿಗೆ ಬೀಗವಿಲ್ಲದವನು. ಹತ್ತನೆಯದು ಬರೆದು ರಿಸಲ್ಟಿಗೆ ಕಾಯುತ್ತಿದ್ದ ಮುಬೀನಾ. ಅವಳ ಕ್ಲಾಸಿನವನೇ ಆದ ಹಾಲೇಶ, ಎತ್ತಿನಂಥ ಮೈ, ಮಾತು ಕಡಿಮೆ. ಆ ವಯಸ್ಸಿನವರಿಗೆ ಬೇಸಿಗೆಯಲ್ಲಿ ಕಾಲು ನಿಲ್ಲುವುದಿಲ್ಲ. ಹೊತ್ತೇರುವವರೆಗೆ ಮಲಗಿ ಬೈಸಿಕೊಂಡು ಏಳುವುದು, ಕೆರೆಯಂಗಳದಲ್ಲಿ ಕ್ರಿಕೆಟ್ಟು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಯಾರ ಐಸ್‌ಕ್ಯಾಂಡಿ ಬೇಗ ಕರಗಿತೆಂದು ಜಗಳ. ಮಧ್ಯಾಹ್ನವಾದರೆ ಹಗ್ಗ. ಸೊಂಟದ ಕಲ್ಲು ಬಿಚ್ಚಿಟ್ಟು, ಹಗ್ಗ ಕಟ್ಟಿಕೊಂಡು, ಗಾಳಿಪಟದ ಹಾಗೆ ಮೇಲೆ ಹೋಗುವುದು. ಚಿಕ್ಕವರಿಗೆ ಇದಕ್ಕೆ ಧೈರ್ಯ ಸಾಲದು, ಕಾಲೇಜು ಸೇರಿದವರಿಗೆ ನಾಚಿಕೆ. ಹೈಸ್ಕೂಲಿನವರಿಗೆ ಎರಡೂ ಇಲ್ಲ.

ನಾನು ಸಂಡಿಗೆ ಹರವುತ್ತಿದ್ದೆ. ತಿಪ್ಪೇಶಿ ನನ್ನ ಕಾಲನ್ನೇ ನೋಡುತ್ತ ನಿಂತ.

“ಅಕ್ಕಾ, ನೀವು ಏಳೋದೇ ಇಲ್ವಾ?”

ಹಾಲೇಶ ಅವನ ತೋಳು ಚಿವುಟಿದ.

“ಇಲ್ಲ” ಎಂದೆ.

“ಒಂಚೂರೂ?”

“ಒಂಚೂರೂ.”

“ಹಂಗಾದ್ರೆ ನಮ್ಮನ್ನ ಹಿಡ್ಕೊತೀರಾ?”

“ಅಲ್ಲೇ ಕಂಬ ಇದೆಯಲ್ಲೋ, ಅದಕ್ಕೆ ಕಟ್ಟಿಕೊ.”

“ಕಂಬ ಎಳ್ಕೊಳಲ್ಲ ಅಕ್ಕ” ಎಂದಳು ಮುಬೀನಾ. “ಬಿಸಿಲಿಳಿಯೋ ಹೊತ್ತಿಗೆ ಯಾರಾದ್ರೂ ಕೆಳಗೆ ಎಳ್ಕೊಬೇಕು. ಇಲ್ದಿದ್ರೆ ಮೇಲಿಂದ ದೊಪ್ ಅಂತ. ಹೋದ್ ವರ್ಷ ಈ ತಿಪ್ಪೇಶಿ ಬಿದ್ದು ಕಾಲಿಗೆ ಪಟ್ಟಿ ಹಾಕ್ಸಿದ್ರು. ಕಲ್ಲು ಕಟ್ಕೊಂಡೋರು ಒಬ್ಬರನ್ನ ಹಿಡಿದ್ರೆ ಹೆಚ್ಚು. ನೀವಾದ್ರೆ ಮೂವರೂ ಒಟ್ಟಿಗೆ ಹೋಗ್ಬೋದು.”

ನನಗೆ ಆಗ ಬೇಕು ಬೇಡ ಎನ್ನುವುದು ಯಾವುದರಲ್ಲೂ ಇರಲಿಲ್ಲ. ಕಟ್ಟಿ ಎಂದೆ. ಹಾಲೇಶ ನನ್ನ ಸೊಂಟಕ್ಕೆ ಹಗ್ಗ ಸುತ್ತಿ ಗಂಟು ಹಾಕಿದ, ಗಂಟಿನ ಕೆಳಗೆ ಉದ್ದನೆಯ ತುದಿ ಬಿಟ್ಟ. ಮೂವರೂ ಕಲ್ಲು ಬಿಚ್ಚಿ ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ರಾಶಿ ಹಾಕಿ, ಒಂದೇ ಹಗ್ಗದಲ್ಲಿ ಒಬ್ಬರ ಮೇಲೊಬ್ಬರು ಎದ್ದರು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಹಗ್ಗ ಬಿಡುತ್ತ ಹೋದೆ. ಒಂದು ಸಲ ಜಗ್ಗಿದರೆ ಇನ್ನಷ್ಟು ಬಿಡು ಎಂದು. ಎರಡು ಸಲ ಜಗ್ಗಿದರೆ ಎಳೆದುಕೋ ಎಂದು.

ಮರುದಿನವೂ ಬಂದರು. ಅದರ ಮರುದಿನವೂ. “ಗೂಟದಕ್ಕಾ!” ಎಂದು ಬೇಲಿಯಾಚೆಯಿಂದಲೇ ಕೂಗುತ್ತಿದ್ದರು. ಹೆಸರಿಟ್ಟವನು ತಿಪ್ಪೇಶಿ. ಅತ್ತೆ ಜಗಲಿಯಿಂದ ಕೇಳಿಸಿಕೊಂಡು, “ಹೈಸ್ಕೂಲು ಹುಡುಗ್ರಿಗೆ ದನ ಕಟ್ಟೋ ಗೂಟ ಆದ್ಯಾ?” ಎಂದರು. ಬೇಡ ಎನ್ನಲಿಲ್ಲ. ಒಂದು ತಟ್ಟೆಯಲ್ಲಿ ಹುರಿಗಾಳು ಇಟ್ಟು ಹೋದರು.

ಮೇಲಿಂದ ಸುದ್ದಿ ಇಳಿದುಬರುತ್ತಿತ್ತು. ನಾನು ಕೇಳುತ್ತಿರಲಿಲ್ಲ, ಅವರೇ ಕೂಗಿ ಹೇಳುತ್ತಿದ್ದರು. ಶಾಲೆಯ ಹೆಂಚಿನ ಮೇಲೆ ಕಳೆದುಹೋದ ಚೆಂಡುಗಳೆಲ್ಲ ಇವೆ. ಗಿರಣಿಯವನ ಹೆಂಡತಿ ತಾರಸಿಯಲ್ಲಿ ಕದ್ದು ಹುಣಸೆಹಣ್ಣು ತಿನ್ನುತ್ತಿದ್ದಾಳೆ, ಮತ್ತೆ ಬಸುರಿರಬೇಕು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೊರಗೂರಿನವನು ಗೊತ್ತಿಲ್ಲದೆ ಇಳಿದು ತಗಡಿನ ಚಾವಣಿಗೆ ತಲೆ ಬಡಿಸಿಕೊಂಡು ತೇಲುತ್ತಿದ್ದಾನೆ, ಕಂಡಕ್ಟರು ಕಾಲು ಹಿಡಿದು ಎಳೆಯುತ್ತಿದ್ದಾನೆ. ಮಾತು ಕೇಳುವ ಮೊದಲೇ ಹಗ್ಗದಲ್ಲಿ ಅವರ ನಗು ನನ್ನ ಅಂಗೈಗೆ ಬರುತ್ತಿತ್ತು. ಸಣ್ಣಗೆ ಝುಮ್ಮೆನ್ನುತ್ತಿತ್ತು. ರಾತ್ರಿ ಅನ್ನ ಕಲಸುವಾಗಲೂ ಆ ಝುಮ್ಮು ಬೆರಳಲ್ಲಿರುತ್ತಿತ್ತು. ಬೆಳಗಾದರೆ ಒಳಗೆ ಹೊರಗೆ ತಿರುಗುತ್ತಿದ್ದೆ. ಕಸ ಗುಡಿಸಿದ ಕಡೆಯೇ ಮತ್ತೆ ಗುಡಿಸುತ್ತಿದ್ದೆ. ಬೇಲಿಯಾಚೆ ಸದ್ದಾದರೆ ಕಿವಿ ಅತ್ತ ಹೋಗುತ್ತಿತ್ತು.

ಒಂದು ದಿನ ಅವರನ್ನು ಕೆಳಗೆಳೆದುಕೊಂಡು ಕೂತಿದ್ದೆ. ಮುಬೀನಾ ಮಾವಿನಕಾಯಿ ಹೋಳಿಗೆ ಖಾರ ಹಚ್ಚಿ ನನ್ನ ಕೈಗಿಟ್ಟಳು. ಹುಳಿಗೆ ನನ್ನ ಮುಖ ಕಿವುಚಿತು. ಅವಳು ನೋಡಿ ನಕ್ಕಳು, ನಾನೂ ತುಸು ನಕ್ಕೆ. ಎದ್ದು ಒಳಗೆ ಹೊರಟಾಗ ಹಿಂದಿನಿಂದ ಬಂದು ನನ್ನ ಸೆರಗು ಹಿಡಿದಳು.

“ಅಕ್ಕಾ” ಎಂದಳು ಮೆಲ್ಲಗೆ. “ನಿಮ್ಮ ಹಿಮ್ಮಡಿ.”

ಬಗ್ಗಿ ನೋಡಿದೆ. ಒದ್ದೆ ಕಲ್ಲುಚಪ್ಪಡಿಯ ಮೇಲೆ ನನ್ನ ಹೆಜ್ಜೆಯ ಮುಂಭಾಗ ಮಾತ್ರ ಮೂಡಿತ್ತು.

“ಒಂದು ಕಲ್ಲು ಕಟ್ಕೊಳ್ಳಿ. ಸೆರಗು ಮುಚ್ಕೊಂಡ್ರೆ ಯಾರಿಗೆ ಗೊತ್ತಾಗುತ್ತೆ?”

“ಅತ್ತೆಗೆ ಗೊತ್ತಾಗುತ್ತೆ.”

“ಗೊತ್ತಾದ್ರೆ ಏನ್ಮಾಡ್ತಾರೆ?”

ಏನು ಮಾಡುತ್ತಾರೋ ನನಗೆ ಗೊತ್ತಿರಲಿಲ್ಲ. ಮಗ ಸತ್ತ ಎರಡನೆಯ ವರ್ಷಕ್ಕೆ ಸೊಸೆ ಗಾಳಿಗೆದ್ದಳು ಎಂದರೆ ಆ ತಾಯಿಗೆ ಏನಾಗಬೇಕು? ಜೀವಮಾನವಿಡೀ ಅಲುಗದೆ ನಿಂತವರ ಮುಂದೆ ನಾನು ಯಾವ ಮುಖವಿಟ್ಟು ಕಲ್ಲು ಕಟ್ಟಿಕೊಳ್ಳಲಿ? ಬೀಗ ಹಾಕಿದ ಗಂಗಾಂಬಿಕೆಯ ಬಾಗಿಲು ಕಣ್ಣ ಮುಂದೆ ಬಂತು.

“ನಾಳೆಯಿಂದ ಬರಬೇಡಿ” ಎಂದೆ.

ಮುಬೀನಾ ತುಟಿ ಕಚ್ಚಿಕೊಂಡಳು. “ಇನ್ನೊಂದೇ ದಿನ ಅಕ್ಕ. ನಾಳೆ ಬಿಟ್ರೆ ನಾಡಿದ್ದು ರಿಸಲ್ಟು. ಪಾಸಾದ್ರೆ ಕಾಲೇಜು, ಫೇಲಾದ್ರೆ ಮನೆ ಬಿಟ್ಟು ಹೊರಗೆ ಬಿಡಲ್ಲ. ಎರಡ್ರಲ್ಲಿ ಯಾವ್ದಾದ್ರೂ ಮೇಲೆ ಹೋಗೋದು ಮುಗೀತು. ನೀವು ಅಲ್ಲಾಡದಂಗೆ ಕೂತ್ಕೊಳ್ಳಿ ಸಾಕು. ನಗ್ಬೇಡಿ.”

ನಗುವುದಿಲ್ಲ ಎಂದೆ. ಅದೇನು ಕಷ್ಟ ಎಂದುಕೊಂಡೆ. ಎರಡು ವರ್ಷ ಅದನ್ನೇ ಮಾಡಿದ್ದೆ.

ಮರುದಿನ ಬಿಸಿಲು ಬೆಂಕಿ. ಒಗೆಯುವ ಕಲ್ಲಿನ ಅಂಚನ್ನು ಎರಡು ಕೈಯಲ್ಲೂ ಹಿಡಿದು ಕೂತೆ. ಮೂವರೂ ಎದ್ದರು. ಬೇವಿನ ಮರ ದಾಟಿದರು. ಕಡೆಯ ದಿನವೆಂದು ಹಗ್ಗವನ್ನು ಪೂರ್ತಿ ಬಿಡಿಸಿಕೊಂಡರು. ನಾನು ಸತ್ತವರನ್ನು ನೆನೆದೆ. ಆಸ್ಪತ್ರೆಯ ಹಳದಿ ಗೋಡೆಯನ್ನು ನೆನೆದೆ. ಮೈ ಕಲ್ಲಿಗೆ ಅಂಟಿತು. ಸದ್ಯ ಎಂದುಕೊಳ್ಳುತ್ತಿರುವಾಗ ತುತ್ತತುದಿಯಿಂದ ತಿಪ್ಪೇಶಿಯ ಕೂಗು ಬಂತು.

“ಅಕ್ಕಾ! ಹೆಡ್‌ಮಾಸ್ಟ್ರು! ಮಾಳಿಗೆ ಮೇಲೆ! ತಲೆಗೆ ಬಣ್ಣ ಹಚ್ಕೊಂಡು ಪ್ಲಾಸ್ಟಿಕ್ ಕವರ್ ಕಟ್ಕೊಂಡು ಕೂತವ್ರೆ! ಹೆಂಡ್ತಿ ಬೀಸಣಿಗೆ ಬೀಸ್ತವ್ರೆ! ಅಯ್ಯೋ, ಮೀಸೆಗೂ ಹಚ್ತಾವ್ರೆ!”

ನಾನು ಹಲ್ಲು ಕಚ್ಚಿದೆ. ಆಗ ದೂರದಿಂದ ಹೆಡ್‌ಮಾಸ್ಟರ ಗುಡುಗು ಕೇಳಿಸಿತು. “ಯಾವನೋ ಅವ್ನು ಮೇಲೆ?”

ತಿಪ್ಪೇಶಿ ಗಂಟಲು ಬದಲಿಸಿ ಕೂಗಿದ. “ನಾನಲ್ಲ ಸಾರ್! ಕಾಗೆ!”

ನಗು ಹೊಟ್ಟೆಯಿಂದ ಬಂತು. ತಡೆಯಲು ಬಾಯಿಗೆ ಒಂದು ಕೈ ಹೋಯಿತು. ಆ ಕೈ ಕಲ್ಲು ಬಿಟ್ಟದ್ದೇ ತಡ, ಇನ್ನೊಂದು ಕೈ ಜಾರಿತು. ಒಗೆಯುವ ಕಲ್ಲು ನನ್ನ ಕಾಲ ಕೆಳಗೆ ಉಳಿಯಿತು. ಸಂಡಿಗೆಯ ಚಾಪೆ ಚಿಕ್ಕದಾಯಿತು. ಮೇಲೆ ಮುಬೀನಾ “ಅಕ್ಕಾ, ನಗ್ಬೇಡಿ, ನಗ್ಬೇಡಿ!” ಎಂದು ಚೀರುತ್ತಿದ್ದಳು. ನಗು ಅಷ್ಟರಲ್ಲೇ ನಿಂತಿತ್ತು. ನಿಂತರೂ ಮೈ ಇಳಿಯಲಿಲ್ಲ. ಬಿಸಿಲಿಳಿಯಲು ಇನ್ನೂ ಬಹಳ ಹೊತ್ತಿತ್ತು. ಅಷ್ಟರಲ್ಲಿ ನಾವು ಎಲ್ಲಿರುತ್ತೇವೆ, ಅಲ್ಲಿಂದ ಬಿದ್ದರೆ ಮೂರು ಮನೆಯವರು ಯಾವುದನ್ನು ಎತ್ತಿಕೊಂಡು ಹೋಗಬೇಕು ಎಂಬುದಷ್ಟೇ ತಲೆಯಲ್ಲಿತ್ತು. ಮಕ್ಕಳ ಕಲ್ಲಿನ ರಾಶಿ ಮೆಟ್ಟಿಲ ಮೇಲೆ ಕಾಣುತ್ತಿತ್ತು, ಕೈಗೆಟುಕದಷ್ಟು ದೂರ. “ಅತ್ತೇ” ಎಂದು ಕೂಗಿದೆ. ಎರಡು ವರ್ಷಗಳಲ್ಲಿ ಅಷ್ಟು ಗಟ್ಟಿಯಾಗಿ ಕೂಗಿದ್ದೇ ಇಲ್ಲ.

ಅತ್ತೆ ಹಿತ್ತಿಲ ಬಾಗಿಲಿಗೆ ಬಂದರು. ತಲೆಯೆತ್ತಿ ನೋಡಿದರು. ಸೊಂಟದ ಮೇಲೆ ಕೈಯಿಟ್ಟುಕೊಂಡೇ, ಸೊಂಟನೋವಿನವರು ಓಡದ ಹಾಗೆ ಓಡಿದರು. ನನ್ನ ಗಂಟಿನಿಂದ ಜೋಲುತ್ತಿದ್ದ ಹಗ್ಗದ ತುದಿಯನ್ನು ಹಾರಿ ಹಿಡಿದರು. ಹಿಡಿದವರೇ ಕೊಟ್ಟಿಗೆಯ ಕಂಬಕ್ಕೆ ಎರಡು ಸುತ್ತು ಸುತ್ತಿ, ಕಂಬಕ್ಕೆ ಕಾಲು ಕೊಟ್ಟು ಎಳೆಯತೊಡಗಿದರು. ನನ್ನ ಪಾದ ನೆಲಕ್ಕೆ ಬಂದಾಗ ನನ್ನನ್ನು ಕಂಬಕ್ಕೆ ಒತ್ತಿ ನಿಲ್ಲಿಸಿ, “ಎಳಿ, ನೀನೂ ಎಳಿ” ಎಂದರು. ಇಬ್ಬರೂ ಎಳೆದೆವು. ಹಾಲೇಶ ಬಂದ. ಮುಬೀನಾ ಬಂದಳು. ಕಡೆಗೆ ತಿಪ್ಪೇಶಿ, ಬಿಳಿಚಿಕೊಂಡು, ಬಾಯಿ ಮುಚ್ಚಿಕೊಂಡು ಬಂದ. ಬಂದವರೇ ಗೋಡೆ ಹಿಡಿದುಕೊಂಡು ಮೆಟ್ಟಿಲಿಗೆ ಹೋಗಿ ಕಲ್ಲು ಕಟ್ಟಿಕೊಂಡರು.

ನಾನು ಕಂಬವನ್ನು ತಬ್ಬಿಕೊಂಡಿದ್ದೆ. ಬಿಟ್ಟರೆ ಏಳುತ್ತಿದ್ದೆ. ಅತ್ತೆ ನನ್ನ ಕಾಲು ನೋಡಿದರು. ಬೈಗುಳಕ್ಕೆ ಕಾದೆ. ಅವರು ಸೆರಗು ಸರಿಸಿ, ಸೊಂಟದ ಮಡಿಕೆಯಲ್ಲಿ ಕೈಯಾಡಿಸಿ, ಅರಿವೆಯಲ್ಲಿ ಸುತ್ತಿದ್ದೊಂದನ್ನು ಹೊರತೆಗೆದು ಬಿಚ್ಚಿದರು. ಕರಿಯ ಕಲ್ಲು. ಮೈ ತಾಗಿ ತಾಗಿ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ಒರಳಿನ ಗುಂಡು.

“ಹಿಡ್ಕೊ” ಎಂದು ನನ್ನ ಕೈಗಿಟ್ಟರು. ಇಟ್ಟ ಗಳಿಗೆಯಲ್ಲೇ ಅವರ ಪಾದಗಳು ನೆಲದಿಂದ ಗೇಣುದ್ದ ಮೇಲೆದ್ದವು. ನಾನು ಅವರ ಕೈ ಹಿಡಿದುಕೊಂಡೆ. ಕಲ್ಲು ನಮ್ಮಿಬ್ಬರ ನಾಲ್ಕು ಕೈಗಳ ನಡುವೆ ಇತ್ತು.

“ಅಜ್ಜೀನೂ...” ಎಂದ ತಿಪ್ಪೇಶಿ.

“ಬಾಯ್ಮುಚ್ಚೋ, ಕಾಗೆ” ಎಂದರು ಅತ್ತೆ.

“ಯಾವಾಗಿಂದ ಅತ್ತೆ?” ಎಂದೆ.

“ಮೊದಲ್ನೇ ಬೇಸಿಗೆಯಿಂದ್ಲೇ. ನಿನ್ ಗಂಡ ಹೊಸಿಲು ದಾಟೋದು ಕಲ್ತಿದ್ದ. ಹೊಸಿಲ ಮೇಲೆ ಕೂತು ನನ್ನ ನೋಡಿ ಕೈ ತಟ್ಟಿದ. ನಕ್ಬುಟ್ಟೆ. ತೊಲೆಗೆ ತಲೆ ಬಡೀತು.” ಹೆಬ್ಬೆರಳಿನಿಂದ ಗುಂಡನ್ನು ಸವರಿದರು. “ಕೈಗೆ ಸಿಕ್ಕಿದ್ದು ಇದು. ಕಟ್ಕೊಂಡೆ. ನೀನು ಬರೀ ಸೊಂಟದಲ್ಲಿ ಓಡಾಡೋದು ನೋಡಿ, ಇವಳು ನನಗಿಂತ ಗಟ್ಟಿ, ಇವಳಿಗೆ ಬೇಕಾಗಲ್ಲ ಅಂತ ತಿಳ್ಕೊಂಡಿದ್ದೆ.”

ಮುಬೀನಾ ನಮ್ಮಿಬ್ಬರನ್ನೂ ನೋಡುತ್ತಿದ್ದಳು. “ನಮ್ಮ ದಾದಿ, ಅಂದ್ರೆ ನಮ್ಮಜ್ಜಿ ಕಲ್ಲೂ ಕೆರೇಲೇ ಇದೆ” ಎಂದಳು. ಬಿಸಿಲಿಳಿಯುವವರೆಗೆ ಅತ್ತೆ ಮತ್ತು ನಾನು ಕೊಟ್ಟಿಗೆಯಲ್ಲಿ ಕಲ್ಲು ಹಿಡಿದುಕೊಂಡು ಎದುರುಬದುರು ಕೂತಿದ್ದೆವು. ಎಮ್ಮೆ ನಮ್ಮನ್ನು ನೋಡುತ್ತ ಮೆಲುಕು ಹಾಕುತ್ತಿತ್ತು.

ಆ ಕೆರೆಯ ವಿಷಯ ಹೇಳಬೇಕು. ಬೇಸಿಗೆಯಲ್ಲಿ ಅದು ಒಣಗಿ ಬಿರುಕು ಬಿಡುತ್ತದೆ, ಎಸೆದ ಕಲ್ಲುಗಳೆಲ್ಲ ಏರಿಯ ಬುಡದಲ್ಲಿ ಬಯಲಾಗಿ ಕಾಣುತ್ತವೆ. ಯಾರೂ ಮುಟ್ಟುವುದಿಲ್ಲ. ಹುಡುಗರ ಕ್ರಿಕೆಟ್ಟಿನಲ್ಲಿ ಚೆಂಡು ಆ ಕಲ್ಲುಗಳ ನಡುವೆ ಹೋದರೆ ಬ್ಯಾಟು ಹಿಡಿದವನು ಔಟು. ಚೆಂಡನ್ನು ಕೈಹಾಕಿ ತೆಗೆಯುವಂತಿಲ್ಲ, ಬ್ಯಾಟಿನಿಂದ ಎಳೆದುಕೊಳ್ಳಬೇಕು. ಅವರಿಗಿಂತ ಹಿರಿಯರು ಆಡುವಾಗಲೂ ಅದೇ ನಿಯಮವಿತ್ತಂತೆ.

ಮರುದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ತರಲು ಬಾಗಿಲು ತೆಗೆದರೆ ಹೊಸಿಲ ಮುಂದೆ ಎರಡು ಕಲ್ಲು. ಒಂದರ ಬೆನ್ನಿನ ಮೇಲೆ ಕೆಂಪು ಗೆರೆ. ನನ್ನದು. ತೂತಿನಲ್ಲಿ ಕೆರೆಯ ಮಣ್ಣು ಗಟ್ಟಿಯಾಗಿತ್ತು. ಬೀದಿಯುದ್ದಕ್ಕೂ ನೋಡಿದೆ. ಎದುರು ಸಾಲಿನಲ್ಲಿ ಒಂದು ಬಾಗಿಲ ಮುಂದೆ, ಮೂಲೆಮನೆಯ ಮುಂದೆ, ಮುಬೀನಾಳ ಮನೆಯ ಮೆಟ್ಟಿಲ ಮೇಲೆ. ನನ್ನದು ಇತ್ತೀಚಿನದು, ಗುರುತು ಸಿಕ್ಕಿರಬೇಕು. ಉಳಿದವುಗಳಲ್ಲಿ ಯಾರ ಕಲ್ಲು ಯಾವುದೆಂದು ಹುಡುಗರಿಗೆ ಹೇಗೆ ಗೊತ್ತಾಗಬೇಕು? ಗಂಡ ಹೋದವಳೊಬ್ಬಳಿಗೆ ಒಂದರಂತೆ ಬಾಗಿಲಲ್ಲಿ ಇಟ್ಟು ಹೋಗಿದ್ದರು. ಮೂಲೆಮನೆಯ ಮುದುಕಿ ಪೊರಕೆ ಹಿಡಿದು ನಿಂತಿದ್ದಳು. ಕಲ್ಲನ್ನು ನೋಡಿದಳು, ಆಚೀಚೆ ನೋಡಿದಳು, ಕಾಲಿನಿಂದ ಮೆಲ್ಲಗೆ ಒಳಗೆ ತಳ್ಳಿ ಬಾಗಿಲು ಹಾಕಿಕೊಂಡಳು.

ಅತ್ತೆ ಎರಡನೆಯ ಕಲ್ಲನ್ನು ಎತ್ತಿ ತೂಗಿನೋಡಿದರು. “ಇದು ನಂದಲ್ಲ. ನಂದು ಇದಕ್ಕಿಂತ ಗುಂಡಗಿತ್ತು” ಎಂದರು. ಆದರೂ ತೊಳೆದು ಒಳಗಿಟ್ಟರು. ಆಮೇಲೆ ಒರಳನ್ನು ಗೋಡೆಯ ಮೂಲೆಯಿಂದ ಎಳೆದು, ಗುಂಡನ್ನು ಅದರಲ್ಲಿಟ್ಟರು. ಸರಿಯಾಗಿ ಕೂತಿತು. ಆ ದಿನ ಕರೆಂಟಿತ್ತು, ಆದರೂ ಚಟ್ನಿಯನ್ನು ಒರಳಿನಲ್ಲೇ ರುಬ್ಬಿದೆವು.

ಮುಬೀನಾ ಪಾಸಾಗಿದ್ದಳು. ಹಾಲೇಶನಿಗೆ ಗಣಿತ ಹೋಗಿತ್ತು. ಮಧ್ಯಾಹ್ನ ಅವರು ಬರುತ್ತಾರೆಂದು ನಾನು ನಂಬಿರಲಿಲ್ಲ. ಹೊಸ್ತಿಲಿಗೂ ಹಿತ್ತಿಲಿಗೂ ಓಡಾಡುತ್ತಿದ್ದೆ, ಕೆಂಪು ಗೆರೆಯ ಕಲ್ಲು ಸೊಂಟದಲ್ಲಿ ಹೊಸದಾಗಿ ಒತ್ತುತ್ತಿತ್ತು. ಅಷ್ಟರಲ್ಲಿ “ಗೂಟದಕ್ಕಾ!” ಎಂದು ಬೇಲಿಯಾಚೆ ಕೂಗು. ಮೂವರೂ ಬಂದರು. ಹಗ್ಗ ಹಾಲೇಶನ ಹೆಗಲ ಮೇಲಿತ್ತು. ಅವನ ಸೊಂಟದ ಸುತ್ತ ಕಲ್ಲುಗಳು ಸರದ ಹಾಗೆ ನೇತಾಡುತ್ತಿದ್ದವು.

“ಇವತ್ತು ಇವ್ನೇ ಗೂಟ” ಎಂದಳು ಮುಬೀನಾ. “ಫೇಲಾದೋನು ನೆಲಕ್ಕಂಟಿರ್ಲಿ ಅಂತ ಅವ್ರಪ್ಪನೇ ಹೇಳಿದಾರೆ. ಅಕ್ಕಾ, ಕಲ್ಲು ಬಿಚ್ಚಿ. ಇವತ್ತು ನೀವು.”

ನನ್ನ ಕೈ ಗಂಟಿನ ಮೇಲೆ ಹೋಯಿತು. ಅಲ್ಲೇ ನಿಂತಿತು. ಅತ್ತೆಯ ಮುಖ ನೋಡಿದೆ. ಅವರು ಸೆರಗಿನಿಂದ ಕೈಯೊರೆಸಿಕೊಂಡರು, ಸೀರೆಯ ನೆರಿಗೆ ಎತ್ತಿ ಕಚ್ಚೆಯಂತೆ ಸಿಕ್ಕಿಸಿಕೊಂಡರು, ಸೊಂಟದಲ್ಲಿದ್ದ ತಮ್ಮದಲ್ಲದ ಕಲ್ಲನ್ನು ಬಿಚ್ಚಿ ನನ್ನ ಕೈಗಿಟ್ಟರು.

“ಅವಳು ನಾಳೆ” ಎಂದರು. “ಮೊದ್ಲು ನಾನು.”

ಹಾಲೇಶ ಕಟ್ಟಿದ. ನಾನು ಅವನ ಪಕ್ಕದಲ್ಲಿ ನಿಂತು, ಎರಡು ಕಲ್ಲಿನ ಭಾರದಲ್ಲಿ, ಹಗ್ಗ ಬಿಡುತ್ತ ಹೋದೆ. ಅತ್ತೆ ಕೊಟ್ಟಿಗೆಯ ಮಾಡು ದಾಟಿದರು. ಬೇವಿನ ಮರದ ಹತ್ತಿರ ಒಂದು ಗಳಿಗೆ ಕೊಂಬೆ ಹಿಡಿದು ನಿಂತರು, ಬಿಟ್ಟರು. ಬೀದಿಯಿಂದ ಗಿರಣಿಯವನ ಹೆಂಡತಿಯ ದನಿ ಕೇಳಿಸಿತು. “ಅಯ್ಯೋ, ಅದ್ಯಾರೇ ಮೇಲೆ? ಸಿದ್ದಮ್ಮನಾ?”

“ಅಲ್ಲ ಕಣೇ, ಕಾಗೆ!” ಎಂದು ಮೇಲಿಂದ ಉತ್ತರ ಬಂತು.

ತಿಪ್ಪೇಶಿ ನೆಲದ ಮೇಲೆ ಬಿದ್ದು ಹೊರಳಾಡಿದ. ಹಗ್ಗ ನನ್ನ ಅಂಗೈಯಲ್ಲಿ ಝುಮ್ಮೆನ್ನುತ್ತಿತ್ತು. ಅದು ಮುಗಿಯುತ್ತ ಬಂದಿತ್ತು, ಇನ್ನು ಕೈಯಲ್ಲಿ ಉಳಿದದ್ದು ಒಂದೆರಡು ಮಾರು. ಎಳೆದುಕೋ ಎಂದು ಎರಡು ಸಲ ಜಗ್ಗಬಹುದೆಂದು ಕಾಯುತ್ತ ನಿಂತೆ.

ಒಂದೇ ಸಲ ಜಗ್ಗಿತು.